ಚಾಚಾನ ಬಾಯಿಗೆ ಬಾರದ ಎರಡಕ್ಷರ

ಹೋದ ತಿಂಗಳು ಗಜೇಂದ್ರಗಡದಲ್ಲಿ ಒಬ್ಬ ಗಿರಾಕಿಯ ಮನೆಯ ಮಾಳಿಗೆ ಹತ್ತಿದ್ದೆ. ನಾನು ಮಾರಿದ ಸೋಲಾರ್ ಪ್ಯಾನೆಲ್ಲುಗಳ ಮೇಲೆ ಧೂಳು ಎಷ್ಟು ಕೂತಿದೆ ಎಂದು ನೋಡಬೇಕಿತ್ತು. ಪಕ್ಕದಲ್ಲಿ ಒಂದು ಹಳೆಯ ಗಾದಿಯನ್ನು ಬಿಸಿಲಿಗೆ ಹಾಕಿದ್ದರು. ಕಾದ ಅರಳೆಯ ಆ ವಾಸನೆ... ಸ್ವಲ್ಪ ತಲೆಗೆ ಹಚ್ಚಿದ ಎಣ್ಣೆ, ಸ್ವಲ್ಪ ಬೆವರು, ಸ್ವಲ್ಪ ಮಣ್ಣು. ಒರೆಸುವ ಬಟ್ಟೆ ಹಿಡಿದ ಕೈ ಹಾಗೇ ನಿಂತಿತು. ರೋಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದ ಚಾಚಾ ನೆನಪಾದರು.

ಊರಿಗೆಲ್ಲ ಅವರು ಗಾದಿ ಚಾಚಾ. ನನಗೂ ಅವರಿಗೂ ಗುರುತಾದದ್ದು ವ್ಯಾಪಾರದಿಂದಲೇ. ಆಗ ನಾನು ತಲೆಯ ಮೇಲೆ ಬುಟ್ಟಿ ಹೊತ್ತು ಸವಡಿ, ಬೆಳವಣಕಿಯಂಥ ಹಳ್ಳಿ ತಿರುಗುತ್ತ ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತಿದ್ದೆ. ಎರಡು ಸೀರೆಗೆ ಒಂದು ಡಬ್ಬಿ ಕೇಳುವ ಹೆಂಗಸರನ್ನು ಮೂರು ಸೀರೆಗೆ ಒಪ್ಪಿಸುವ ಬಾಯಿ ನನ್ನದು. ಹರಿದ ಗಾದಿ ಸಿಕ್ಕರೆ ಚಾಚಾನ ಅಂಗಡಿಯಲ್ಲಿ ಇಳಿಸುತ್ತಿದ್ದೆ. ಅವರು ಚೌಕಾಸಿ ಮಾಡಿದವರೇ ಅಲ್ಲ. ಮೊದಲು ಕೇಳುತ್ತಿದ್ದದ್ದು ಒಂದೇ ಮಾತು.

"ಯಾರದು ಇದು, ತಂಗಿ?"

"ಯಾರದಾದ್ರೇನ್ರಿ ಚಾಚಾ, ನೀವು ತೂಕಾ ಮಾಡ್ರಿ."

"ಮಲಗಿದವ್ರು ಯಾರು ಅಂತ ತಿಳೀಬೇಕವ್ವಾ. ಬಾಣಂತಿ ಗಾದಿ ಅರಳಿ ನಾ ಬ್ಯಾರೆ ಇಡ್ತೀನಿ. ಅದು ಮತ್ತೊಬ್ಬ ಬಾಣಂತಿಗೇ ಹೋಗಬೇಕು."

ನನಗೆ ಆಗ ಅದು ಪುರಸೊತ್ತಿನವರ ಮಾತೆನಿಸುತ್ತಿತ್ತು.

ಮುಂದೆ ನಾನು ಬುಟ್ಟಿ ಇಳಿಸಿ ಸೋಲಾರ್ ಸಾಮಾನಿನ ಅಂಗಡಿ ಹಾಕಿದೆ. ಅಷ್ಟೊತ್ತಿಗೆ ಚಾಚಾನ ಕೆಮ್ಮು ಓಣಿಯ ತುದಿಗೆ ಕೇಳುವಷ್ಟಾಗಿತ್ತು. ಅವರ ಹಿಂಜುವ ಯಂತ್ರ ಹಳೆಯದು. ಕರೆಂಟು ಇದ್ದಷ್ಟು ಹೊತ್ತು ಧೂಳು, ಹೋದರೆ ಕೆಲಸ ಬಂದ್. ದವಾಖಾನೆಯಲ್ಲಿ ಖಡಕ್ಕಾಗಿ ಹೇಳಿದ್ದರು: ಒಂದೋ ಧೂಳು ನಿಲ್ಲಬೇಕು, ಇಲ್ಲ ಅಂಗಡಿ ಮುಚ್ಚಬೇಕು.

ಆಗಲೇ ಹುಬ್ಬಳ್ಳಿಯ ಒಂದು ಸಂಸ್ಥೆಯವರು ನಮ್ಮ ಕಡೆ ಬಂದರು. ಪರಿಸರಕ್ಕೆ ಒಳ್ಳೆಯದಾಗುವಂಥ ಸಣ್ಣ ಉದ್ಯೋಗಗಳಿಗೆ ಬಿಸಿಲಿನಿಂದ ನಡೆಯುವ ಯಂತ್ರ ಪುಕ್ಕಟೆ ಕೊಡುತ್ತಾರಂತೆ. ಹಿಂಜುವ ಯಂತ್ರವೂ ಪಟ್ಟಿಯಲ್ಲಿತ್ತು, ಜೊತೆಗೆ ಧೂಳು ಹೀರುವ ಚೀಲ. ರೋಣ, ನರಗುಂದ ಎರಡೂ ತಾಲೂಕು ಸೇರಿ ಒಬ್ಬರಿಗೇ. ಶರತ್ತು ಒಂದು: ಉದ್ಯೋಗ ಕಸದಿಂದ ನಡೆಯುತ್ತಿರಬೇಕು. ಸುಳ್ಳೇಕೆ, ಯಂತ್ರ ನನ್ನ ಅಂಗಡಿಯ ಮೂಲಕವೇ ಬರುವುದಿತ್ತು, ನನಗೂ ಲಾಭವಿತ್ತು. ಆದರೆ ಚಾಚಾ ಉಳಿಯಬೇಕೆಂಬ ಆಸೆಯೂ ಖರೆ.

ಅರ್ಜಿ ನಾನೇ ತುಂಬಿದೆ. ತಪಾಸಣೆಗೆ ಬರುವವರ ಮುಂದೆ ಏನು ಹೇಳಬೇಕೆಂದು ಮೂರು ಸಂಜೆ ಅವರ ಎದುರು ಕೂತು ಕಲಿಸಿದೆ.

"ಯಾವ ಮಾಲು ಬಳಸ್ತೀರಿ ಅಂತ ಕೇಳ್ತಾರ. ಕಸಾ ಅನ್ರಿ. ಅಷ್ಟ ಸಾಕು."

"ಅರಳಿ ಅಂತೀನಿ."

"ಅರಳಿ ಅಂದ್ರ ಹೊಸಾದು ಅನ್ಕೋತಾರ್ರಿ."

"ಹಳೀ ಅರಳಿ ಅಂತೀನಿ."

"ಅವರ ಕಾಗದದಾಗ ಕಸಾ ಅಂತ ಐತ್ರಿ ಚಾಚಾ. ಕಾಗದದಾಗ ಇದ್ದದ್ದ ಹೇಳಬೇಕು."

ಅವರು ಸೂಜಿಗೆ ದಾರ ಪೋಣಿಸುತ್ತ ನಕ್ಕರು. "ಮಂದಿ ಹಾಸಿಗಿಗೆ ಕಸಾ ಅನ್ನೂದು ನನ್ನ ಬಾಯಾಗ ಬರವಲ್ದವ್ವಾ. ನಮ್ಮಪ್ಪ ಅರಳಿ ಹಿಂಜೂ ಬಿಲ್ಲು ಹೆಗಲಿಗೆ ಹಾಕ್ಕೊಂಡು ಮನಿ ಮನಿ ತಿರುಗ್ಯಾನ. ಅವನೂ ಅಂದಿಲ್ಲ."

ಮೂರನೆಯ ಸಂಜೆ ಕಡೆಗೂ "ಆತು, ನೋಡೂಣು" ಎಂದರು. ನಾನು ಅದನ್ನು ಒಪ್ಪಿಗೆ ಎಂದೇ ಹಿಡಿದೆ.

ತಪಾಸಣೆಯ ದಿನ ಮೂವರು ಬಂದರು. ಅದೇ ಹೊತ್ತಿಗೆ ಅಂಗಡಿಯ ಕಟ್ಟೆಯ ಮೇಲೆ ಹೊಳೆಮಣ್ಣೂರಿನ ಒಬ್ಬ ಹೆಂಗಸು ಕೂತಿದ್ದಳು. ಮಲಪ್ರಭೆ ಮನೆಯೊಳಗೆ ಬಂದು ಹೋದ ಮೇಲೆ ಉಳಿದ ಗಾದಿಯನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ತಂದಿದ್ದಳು. ಕೆಸರು ಒಣಗಿ ಹೆಪ್ಪುಗಟ್ಟಿದ್ದ ಗಾದಿ, ಹೊಳೆಯ ವಾಸನೆ. ಬಂದವರಲ್ಲಿ ಹಿರಿಯರು ಮೂಗಿಗೆ ಕರವಸ್ತ್ರ ಹಿಡಿದರು. ನನಗೆ ಒಳಗೊಳಗೇ ಖುಷಿ. ಇದಕ್ಕಿಂತ ಚಲೋ ಸಾಕ್ಷಿ ಎಲ್ಲಿ ಸಿಗಬೇಕು?

ಆ ಹಿರಿಯರು ಬೂಟಿನ ತುದಿಯಿಂದ ಗಾದಿಯನ್ನು ಮುಟ್ಟಿ ಕೇಳಿದರು, "ಇದು ಕಸ ತಾನೇ?"

ಹೆಂಗಸು ಚಾಚಾನ ಮುಖ ನೋಡಿದಳು. ನಾನೂ ನೋಡಿದೆ. ಹಿಂಜುವ ಯಂತ್ರ ನಿಂತಿತ್ತು, ಕರೆಂಟು ಇರಲಿಲ್ಲ. ಚಾಚಾ ಒಮ್ಮೆ ಕೆಮ್ಮಿದರು.

"ಅಲ್ರಿ. ಈ ಅಕ್ಕಾರ ಹಾಸಿಗಿ. ನೀರಾಗ ತೊಯ್ದೈತಿ, ಅಷ್ಟ."

"ಹಾಗಲ್ಲ, ನಿಮ್ಮಲ್ಲಿ ದಿನಾ ಎಷ್ಟು ಕಸ ಬರುತ್ತೆ?"

"ನನ್ನ ಅಂಗಡ್ಯಾಗ ಕಸಾ ಅನ್ನೂದ ಇಲ್ರಿ ಸಾಹೇಬ್ರ. ಎಳಿ ಎಳಿ ಬಿಡಿಸ್ತೀನಿ. ಒಂದು ಚೂರೂ ಚೆಲ್ಲೂದಿಲ್ಲ."

ಹೆಮ್ಮೆಯಿಂದಲೇ ಹೇಳಿದರು. ಇದನ್ನು ಕೇಳಿದರೆ ಬಂದವರು ಶಹಬ್ಬಾಸ್ ಅಂದಾರು ಎಂದುಕೊಂಡಿದ್ದರೋ ಏನೋ... ಆ ಸಾಹೇಬರ ಪೆನ್ನು ಕಾಗದದ ಮೇಲೆ ಸರಿಯುವುದು ಕಂಡಿತು. ನಡುವೆ ಬಾಯಿ ಹಾಕಿದೆ.

"ಸಾಹೇಬ್ರ, ವಯಸ್ಸಾಗೇತ್ರಿ ಅವರಿಗೆ, ತಿಳೀವಲ್ದು. ಇದೆಲ್ಲಾ ಕಸಾನ..."

"ತಂಗಿ," ಎಂದರು ಚಾಚಾ, ದನಿ ಏರಿಸದೆ. "ಅಕ್ಕಾರು ಇಲ್ಲೇ ಕುಂತಾರ."

ಎಂಥೆಂಥ ದಲಾಲರ ಮುಂದೆ ಸೋಲದ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬಂದವರು ಒಂದೆರಡು ಫೋಟೊ ತೆಗೆದು ಗಾಡಿ ಹತ್ತಿದರು. ಹೆಂಗಸಿಗೆ ಏನು ನಡೆಯಿತೆಂದೇ ಗೊತ್ತಿಲ್ಲ.

"ಕಸಾ ಅಲ್ಲಂದ್ರಿ. ಹಂಗಾರ ಪೂರಾ ಗಾದಿ ಬರತೈತೇನ್ರಿ ಚಾಚಾ?"

"ಪೂರಾ ಅಂದ್ರ ಹೊಳಿನ್ನ ಕೇಳಬೇಕವ್ವಾ. ಎರಡು ತೆಲಿದಿಂಬಂತೂ ಬರ್ತಾವ."

ಸ್ವಲ್ಪ ದಿನಕ್ಕೆ ಪತ್ರ ಬಂತು. ಅರ್ಜಿದಾರರು ಕಸ ಬಳಸುವುದಿಲ್ಲವೆಂದು ಕಂಡುಬಂದಿದೆ ಎಂದಿತ್ತು. ಯಂತ್ರದ ಸರತಿ ನರಗುಂದದಲ್ಲಿ ಪ್ಲಾಸ್ಟಿಕ್ ಬಾಟಲಿ ಕತ್ತರಿಸುವವರಿಗೆ ಹೋಯಿತು. ಪತ್ರ ಹಿಡಿದು ಸಿಟ್ಟಿನಿಂದಲೇ ಹೋದೆ.

"ಎರಡಕ್ಷರಾ ರೀ ಚಾಚಾ. ಎರಡ ಅಕ್ಷರ ಅಂದಿದ್ರ ಮುಗೀತಿತ್ತು."

ಅವರು ಪತ್ರ ಮಡಚಿ ವಾಪಸು ಕೊಟ್ಟರು. "ನಿನಗ ಸಲೀಸಾಗಿ ಬರ್ತೈತವ್ವಾ. ನನಗ ಬರೂದಿಲ್ಲ."

ಆ ಮಾತು ನನಗೆ ಚುಚ್ಚಿತು. ಮತ್ತೆ ನಾನು ಆ ಓಣಿಗೆ ಕಾಲಿಡಲಿಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಅವರು ಅಂಗಡಿ ಮುಚ್ಚಿ ನರಗುಂದದ ಮಗಳ ಮನೆಗೆ ಹೋದರೆಂದು ಕೇಳಿದೆ. ಎದೆ ಅಷ್ಟರಲ್ಲೇ ಸೋತಿತ್ತು. ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾಗಿ ನಾಲ್ಕು ದಿನಕ್ಕೆ, ಅದೂ ಚಹಾದಂಗಡಿಯವನ ಬಾಯಿಂದ...

ಒಂದೆರಡು ವರ್ಷದ ಮೇಲೆ ಗಜೇಂದ್ರಗಡದ ಒಬ್ಬ ನೇಕಾರರ ಅರ್ಜಿ ಹಿಡಿದು ಹುಬ್ಬಳ್ಳಿಯ ಆ ಕಚೇರಿಗೆ ಹೋಗಿದ್ದೆ. ಮಾತಿಗೆ ಮಾತು ಬಂದು, ನಿಮ್ಮ ಕಾಗದದ 'ಕಸ' ಎಂಬ ಶಬ್ದ ನಮ್ಮ ಕಡೆಯವರಿಗೆ ಚುಚ್ಚುತ್ತದೆ ಎಂದೆ. ಮೇಜಿನ ಆಚೆ ಕೂತಿದ್ದವರು ಒಂದು ಕ್ಷಣ ನೋಡಿ, ಅದನ್ನು ಹೊಡೆದು ಹಾಕಿ, 'ಹಳೆಯ ಮಾಲು' ಎಂದು ಬರೆದರು.

"ಇಷ್ಟಕ್ಕೇನ್ರಿ? ಮೊದಲ ಹೇಳಬೇಕಿಲ್ಲ?"

ಅರ್ಧ ಕಪ್ ಚಹಾ ಕುಡಿಯುವಷ್ಟರಲ್ಲಿ ಮುಗಿದಿತ್ತು. ಉಳಿದರ್ಧ ಹಾಗೇ ಬಿಟ್ಟು ಎದ್ದೆ. ಮೂರು ಸಂಜೆ ನಾನು ಚೌಕಾಸಿ ಮಾಡಿದ್ದು ಬಗ್ಗದ ಮುದುಕನ ಜೊತೆ. ಬಗ್ಗುವವರು ಇಲ್ಲಿ ಮೇಜಿನ ಆಚೆ ಕೂತಿದ್ದರು, ಅವರನ್ನು ಒಂದು ಮಾತು ಕೇಳಿರಲಿಲ್ಲ. ಅಚ್ಚಾದ ಕಾಗದ ಎಂದರೆ ನನಗೂ ಹೆದರಿಕೆ ಇತ್ತೆಂದು ಅವತ್ತು ತಿಳಿಯಿತು. ಈಗ ಅರ್ಜಿ ತುಂಬಿಸಿಕೊಳ್ಳಲು ನನ್ನ ಹತ್ತಿರ ಬರುವವರಿಗೆ ಹೇಳುತ್ತೇನೆ: ನಿಮ್ಮ ಕಸಬಿಗೆ ಹೊಂದದ ಶಬ್ದ ಕಂಡರೆ ಸಹಿ ಮಾಡುವ ಮೊದಲು ಜಗಳ ಮಾಡಿ. ದರದಷ್ಟೇ ಶಬ್ದಕ್ಕೂ ಚೌಕಾಸಿ ನಡೆಯುತ್ತದೆ.

ಈ ವರ್ಷ ಮತ್ತೆ ಪಟ್ಟಿ ಬಂದಿದೆ. ಧೂಳಿನ ಚೀಲವಿರುವ ಹಿಂಜುವ ಯಂತ್ರವನ್ನು ರೋಣಕ್ಕೇ ಎಂದು ಒಂದು ತೆಗೆದಿಟ್ಟಿದ್ದಾರೆ. ಬೆಳವಣಕಿಯಲ್ಲಿ ಕೇಳಿದೆ, ಸವಡಿಯಲ್ಲಿ ಕೇಳಿದೆ, ರೋಣದ ಓಣಿ ಓಣಿ ಕೇಳಿದೆ. ಅರಳೆ ಹಿಂಜುವವರು ಒಬ್ಬರೂ ಉಳಿದಿಲ್ಲ. ಹೆಸರು ಬರೆಯುವ ಜಾಗ ಖಾಲಿ ಬಿಟ್ಟು ನಿನ್ನೆ ಕಾಗದ ವಾಪಸು ಕಳಿಸಿದೆ.