ಭೀಮವ್ವ ಕೊಟ್ಟ ಕುದುರೆ

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಕಿಟಕಿಯಿಂದ ಸುಟ್ಟ ವಾಸನೆ ಬಂತು. ಬಾಜೂ ಹೊಲದವರು ಕಬ್ಬು ಕಳಿಸಿದ ಮೇಲೆ ಉಳಿದ ರವದಿಗೆ, ಅಂದರೆ ಒಣಗಿದ ಸೋಗೆಗೆ, ಬೆಂಕಿ ಹಚ್ಚಿದ್ದರು. ನಮ್ಮ ಕಡೆ ಇದು ವರ್ಷವೂ ನಡೆಯುವ ಕೆಲಸ. ಯಾರೂ ತಲೆಯೆತ್ತಿ ನೋಡುವುದಿಲ್ಲ. ಆದರೆ ನಾನು ಮಾತ್ರ ಎದ್ದು ಕೂತೆ. ಎದ್ದವನು ಮೊದಲು ಮಾಡಿದ್ದೇನು ಗೊತ್ತೇ? ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿದ್ದು. ಮೂವತ್ತು ವರ್ಷದ ಮೇಲಾಯಿತು, ಈ ಚಟ ನನ್ನನ್ನು ಬಿಟ್ಟಿಲ್ಲ.

ಆಗ ನಾವು ಕಾಗವಾಡದ ಕಡೆಯ ಅನಂತಪುರದ ಆಚೆ ಹೊಲದಲ್ಲೇ ವಸ್ತಿ ಮಾಡಿಕೊಂಡಿದ್ದೆವು. ಅಣ್ಣತಮ್ಮಂದಿರ ನಾಲ್ಕು ಮನೆ, ಒಂದು ಬಾವಿ, ಸುತ್ತ ಕಬ್ಬು, ಸ್ವಲ್ಪ ದ್ರಾಕ್ಷಿ. ಪಡುವಣಕ್ಕೆ ಏರುತ್ತ ಹೋದರೆ ಊರವರೆಲ್ಲರ ದನ ಮೇಯುವ ಗಾಯರಾಣ. ಮಳೆಗಾಲದಲ್ಲಿ ಅಲ್ಲಿ ಸೊಂಟದೆತ್ತರ ಹುಲ್ಲು. ಶಿವರಾತ್ರಿ ಕಳೆಯುವ ಹೊತ್ತಿಗೆ ಆ ಹುಲ್ಲು ಮುಟ್ಟಿದರೆ ಮುರಿಯುವಷ್ಟು ಒಣಗುತ್ತಿತ್ತು.

ನನಗೆ ಆಗ ಇಪ್ಪತ್ತೆಂಟು. ಮದುವೆಯಾಗಿತ್ತು, ಹೆಂಡತಿ ಸುಶೀಲಾ ಏಳು ತಿಂಗಳ ಬಸುರಿ. ಆದರೂ ನನ್ನ ಜೀವವೆಲ್ಲ ಇದ್ದದ್ದು ಎರಡು ಕುದುರೆಗಳ ಮೇಲೆ. ರಾಜಾ ಮತ್ತು ಸರ್ಜಾ. ಗಾಡಿ ಓಟದ ಶರ್ಯತ್ತಿಗೆಂದೇ ಸಾಕಿದ ಜೋಡಿ. ರಾಯಬಾಗ, ಕಾಗವಾಡ, ಚಿಕ್ಕೋಡಿ, ಎಲ್ಲಿ ಶರ್ಯತ್ತಿದ್ದರೂ ನಾವು ಹಾಜರು. ಗೆದ್ದು ತಂದ ಬಹುಮಾನದ ಢಾಲುಗಳನ್ನು ದೇವರ ಕೋಣೆಯ ಬಾಗಿಲ ಮೇಲೆ ಸಾಲಾಗಿ ತೂಗುಹಾಕಿದ್ದೆ. ನಮ್ಮವ್ವ, "ದೇವರಿಗೆ ಕೈ ಮುಗದ್ರ ನಿನ್ನ ಢಾಲಿಗೂ ಮುಗದಂಗ ಆಗತೈತಿ" ಎಂದು ಗೊಣಗುತ್ತಿದ್ದಳು. ಕುದುರೆಗಳಿಗೆ ಹಸಿಕಡಲೆ, ಬೆಲ್ಲ, ತತ್ತಿ. ಸುಶೀಲಾಳಿಗೆ ಏನು ಬೇಕಿತ್ತೋ ನಾನು ಕೇಳಿದ ನೆನಪಿಲ್ಲ.

ಭೀಮವ್ವ ಕುರಿಗಾರರ ಹೆಂಗಸು. ಐವತ್ತರ ಆಸುಪಾಸು, ಸಣಕಲು ದೇಹ, ಗಂಡಸರ ಹಾಗೆ ಉದ್ದ ಹೆಜ್ಜೆ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಅವಳ ಮನೆಯವರು ನಮ್ಮ ಹೊಲದಲ್ಲಿ ಕುರಿ ತರುಬುತ್ತಿದ್ದರು. ರಾತ್ರಿ ಕುರಿ ನಿಂತ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಆಮೇಲೆ ಗಾಯರಾಣದಲ್ಲಿ ಹಟ್ಟಿ ಹಾಕಿ ತಿಂಗಳೊಪ್ಪತ್ತು ಇರುತ್ತಿದ್ದರು. ಅವರ ಮನೆಯೆಂದರೆ ಒಂದು ಕುದುರೆಯ ಬೆನ್ನಿನಷ್ಟು: ಕೌದಿ, ಗಡಿಗೆ, ಕೋಳಿಬುಟ್ಟಿ. ಆ ಕುದುರೆಯ ಹೆಸರು ಗಂಗಿ. ಬೂದು ಬಣ್ಣದ, ಹೊಟ್ಟೆ ಜೋತ ನಾಡ ಕುದುರೆ. ಆ ವರ್ಷ ಅದು ಮರಿ ಹಾಕಿತ್ತು, ಇನ್ನೂ ಎರಡು ತಿಂಗಳ ಮರಿ. ದಿನಾ ನಡುಮಧ್ಯಾಹ್ನಕ್ಕೆ, ಗಂಡಸರು ಕುರಿ ಹೊಡೆದುಕೊಂಡು ದೂರ ಹೋಗಿರುವಾಗ, ಭೀಮವ್ವ ಮರಿಯನ್ನು ಹಟ್ಟಿಯಲ್ಲಿ ಮಗಳ ಬಳಿ ಬಿಟ್ಟು, ಗಂಗಿಯ ಮೇಲೆ ಕೊಡ ಹೇರಿಕೊಂಡು ನಮ್ಮ ಬಾವಿಗೆ ನೀರಿಗೆ ಬರುತ್ತಿದ್ದಳು. ನನ್ನ ಕುದುರೆಗಳ ಪಕ್ಕದಲ್ಲಿ ಗಂಗಿ ನಿಂತರೆ ನನಗೆ ನಗು ಬರುತ್ತಿತ್ತು. "ಭೀಮವ್ವ, ಇದನ್ನೂ ಶರ್ಯತ್ತಿಗೆ ಬಿಡೂಣೇನು?" ಎಂದು ಚೇಷ್ಟೆ ಮಾಡಿದರೆ, "ಅದು ಓಡೂದಿಲ್ರಿ, ಬರೇ ಊರು ಮುಟ್ಟಸತೈತಿ" ಎನ್ನುತ್ತಿದ್ದಳು.

ಆ ದಿನ ಅವಳು ಕೊಡವಿಲ್ಲದೆ ಬಂದಳು. ಗಂಗಿಯನ್ನು ಓಡಿಸಿಕೊಂಡೇ ಇಳಿದಿದ್ದಳು. ಅವಳ ಹಿಂದೆ ಗುಡ್ಡದ ನೆತ್ತಿಯಲ್ಲಿ ಹೊಗೆ ಏಳುತ್ತಿದ್ದದ್ದು ನಮಗೂ ಕಾಣುತ್ತಿತ್ತು. ನಾವು ಬೇವಿನ ಗಿಡದ ಕೆಳಗೆ ಕೂತು ಅದನ್ನೇ ನೋಡುತ್ತ ಎಲೆಅಡಿಕೆ ಹಾಕುತ್ತಿದ್ದೆವು.

"ಗಾಳಿ ಈ ಕಡೆ ತಿರುಗಾಕತ್ತೈತ್ರಿ. ಬಸುರಿ, ಬಾಣಂತಿ, ಮುದುಕರು, ಮೊದಲ ಅವರನ್ನ ಹೊಂಡಸ್ರಿ" ಎಂದಳು.

ನಾನು ನಕ್ಕೆ. "ನಡುವ ನೇಗಿಲಾ ಹೊಡದ ಹೊಲ ಐತಿ ಭೀಮವ್ವ. ಬೆಂಕಿ ಅದನ್ನ ದಾಟಿ ಬರತೈತೇನು?"

"ಬೆಂಕಿಗೆ ಕಾಲಿಲ್ರಿ ಸಾವಕಾರ, ರೆಕ್ಕಿ ಅದಾವು."

ನಾನು ಇನ್ನೂ ವಾದ ಮಾಡುತ್ತಿದ್ದೆನೇನೋ. ನಮ್ಮವ್ವ ಎದ್ದು ನಿಂತು, "ಚಕ್ಕಡಿ ಹೂಡ್ರಿ" ಎಂದಳು. ಅಷ್ಟರಲ್ಲಿ ಗಾಳಿಯಲ್ಲಿ ತೇಲುತ್ತ ಬಂದ ಉರಿಯುವ ಹುಲ್ಲಿನ ಎಳೆಯೊಂದು ಅಂಗಳದ ಕಣಿಕೆ ಬಣವೆಯ ಬದಿಗೆ ಬಿತ್ತು. ಯಾರೋ ಕಾಲಿನಿಂದ ತುಳಿದು ಆರಿಸಿದರು. ಆಮೇಲೆ ಯಾರೂ ವಾದ ಮಾಡಲಿಲ್ಲ.

ಗಾಬರಿಯಲ್ಲಿ ಮನುಷ್ಯ ಏನನ್ನು ಎತ್ತಿಕೊಳ್ಳುತ್ತಾನೆ ಎನ್ನುವುದರಿಂದ ಅವನ ಜಾತಕ ಬರೆಯಬಹುದು. ಮಿರಜ ಕಡೆಯ ನಮ್ಮ ಚಿಕ್ಕಮ್ಮ ಉಪ್ಪಿನಕಾಯಿ ಭರಣಿ ಉಳಿಯಿತೆಂದು ಮರಾಠಿಯಲ್ಲಿ ಅಳುತ್ತಿದ್ದಳು. ಅಣ್ಣ ರೇಡಿಯೋ ಎತ್ತಿಕೊಂಡು, ಅದರ ಸೆಲ್ಲು ಮರೆತೆನೆಂದು ಮತ್ತೆ ಒಳಗೆ ಹೋದ. ಅವ್ವ ಒಂದು ಸಜ್ಜಕದ ಹಿಟ್ಟಿನ ಡಬ್ಬಿ, ಸುಶೀಲಾಳ ಹೆರಿಗೆಗೆಂದು ತೆಗೆದಿಟ್ಟ ಹಳೆಯ ಸೀರೆಗಳು, ಅಷ್ಟೇ ಹಿಡಿದಳು. ನಾನೋ, ಢಾಲುಗಳನ್ನು ಇಳಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದೆ. ಅವ್ವನ ಚಷ್ಮಾ ಆ ಬಾಗಿಲ ಪಕ್ಕದ ಗೂಡಿನಲ್ಲೇ ಇತ್ತು. ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಎರಡು ಚಕ್ಕಡಿಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು ಹಳ್ಳದ ಕಡೆ ಹೊರಟರು. ಒಂದು ಮೈಲಿ ದೂರ. ಹಳ್ಳದಲ್ಲಿ ಅಗಲವಾದ ಉಸುಕು, ಬೆಂಕಿಗೆ ತಿನ್ನಲು ಅಲ್ಲಿ ಏನೂ ಇಲ್ಲ. ಗಂಡಸರು ಬಣವೆಗೆ ನೀರು ಹೊಡೆಯಲು ನಿಂತರು. ನಾನು ಕುದುರೆ ಹೊರಡಿಸಲು ಲಾಯಕ್ಕೆ ಹೋದೆ.

ಅವು ಕದಲಲಿಲ್ಲ. ಶರ್ಯತ್ತಿನಲ್ಲಿ ಗಾಳಿಯ ಹಾಗೆ ಓಡುವ ಪ್ರಾಣಿಗಳು ಮೂಲೆಗೆ ಒತ್ತಿಕೊಂಡು, ಕಣ್ಣು ಬೆಳ್ಳಗೆ ಮಾಡಿ ನಿಂತಿದ್ದವು. ಎಳೆದರೆ ಹಿಂಗಾಲ ಮೇಲೆ ಏಳುತ್ತಿದ್ದವು. ಜಗ್ಗಾಟದಲ್ಲಿ ರಾಜಾನ ಹಗ್ಗ ಹರಿಯಿತು. ನಾನು ಅಳುವುದೊಂದು ಬಾಕಿ. ಭೀಮವ್ವ ಒಳಗೆ ಬಂದಳು. ಎರಡು ಗೋಣಿಚೀಲ ತೊಯಿಸಿ ಕುದುರೆಗಳ ಕಣ್ಣಿಗೆ ಕಟ್ಟಿದಳು. ತನ್ನ ಗಂಗಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದಳು.

"ಕುದುರಿಗೆ ಮನಷ್ಯಾನ ಮ್ಯಾಲ ನಂಬಿಗಿ ಕಡಿಮಿರಿ. ಇನ್ನೊಂದು ಕುದುರಿ ಮುಂದ ನಡದ್ರ ಬರತಾವು. ಇದನ್ನ ಮುಂದ ಬಿಡ್ರಿ."

ಹಾಗೆಯೇ ಆಯಿತು. ಗಂಗಿ ನಿಧಾನಕ್ಕೆ ನಡೆಯಿತು. ಅದರ ಬೆವರಿನ ವಾಸನೆ ಹಿಡಿದು ರಾಜಾ, ಸರ್ಜಾ ಕುರಿಗಳ ಹಾಗೆ ಹಿಂದೆ ಬಂದವು. ಭೀಮವ್ವ ಗಂಗಿಯ ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ಕರಿಬಿಳಿ ಆಡಿನ ಕೂದಲಿನ, ಹೆಬ್ಬೆರಳು ದಪ್ಪದ ಹಗ್ಗ.

"ಮರಿ ಮ್ಯಾಲ ಹಟ್ಟಿಯೊಳಗ ಇತ್ತರಿ. ಮಗಳು ಅದನ್ನ ಹಿಡಕೊಂಡು ಬಂಡಿಗಲ್ಲಿನ ಕಡೆ ಹೋಗ್ಯಾಳ, ಅಲ್ಲಿ ಹುಲ್ಲಿಲ್ಲ. ಆದ್ರ ಇದಕ್ಕ ಆ ಸುದ್ದಿ ಗೊತ್ತಿಲ್ಲ. ಹಳ್ಳಕ್ಕ ಮುಟ್ಟಿದ ಕೂಡಲೆ ಕಟ್ಟಿ ಹಾಕ್ರಿ. ಬಿಟ್ರ ತಿರುಗಿ ಹಟ್ಟಿಗೇ ಓಡತೈತಿ." ಇಷ್ಟು ಹೇಳಿ, ಸೆರಗು ಬಿಗಿದು, ಮಗಳಿದ್ದ ಕಡೆ ಗುಡ್ಡ ಸುತ್ತಿಕೊಂಡು ಹೋದಳು.

ಹಳ್ಳಕ್ಕೆ ಬಂದೆವು. ಕಣ್ಣುಪಟ್ಟಿ ಬಿಚ್ಚಿದೆ. ಸರ್ಜಾನನ್ನು ಅದರ ಹಗ್ಗದಿಂದಲೇ ಜಾಲಿಗಿಡಕ್ಕೆ ಕಟ್ಟಿದೆ. ರಾಜಾನಿಗೆ ಹಗ್ಗವಿರಲಿಲ್ಲ. ಗಂಗಿಯ ಕೊರಳಿನಿಂದ ಹಗ್ಗ ಬಿಚ್ಚಿ ರಾಜಾನ ಕೊರಳಿಗೆ ಹಾಕಿದೆ.

ಚಕ್ಕಡಿಯಲ್ಲಿ ಹಗ್ಗಗಳಿದ್ದವು. ಇಪ್ಪತ್ತು ಹೆಜ್ಜೆ ದೂರ. ಹೋಗಿ ತರಬೇಕೆಂದು ನನಗೆ ಗೊತ್ತಿತ್ತು. ಆದರೆ ರಾಜಾನ ಮುಂಗಾಲಲ್ಲಿ ಸ್ವಲ್ಪ ತರಚಿತ್ತು. ಬರುವ ತಿಂಗಳು ಕಾಗವಾಡದ ಶರ್ಯತ್ತು. ನಾನು ಕೂತು ಆ ಕಾಲು ತಿಕ್ಕತೊಡಗಿದೆ. ಗಂಗಿ ಬಡ ಪ್ರಾಣಿ, ಸುಮ್ಮನೆ ನಿಂತಿದೆ, ಎಲ್ಲಿಗೆ ಹೋದೀತು ಎಂದುಕೊಂಡೆ. ಓದುಗರೇ, ಇದನ್ನು ನಾನು ಅಂದುಕೊಂಡದ್ದು ಹೌದು. ಮರೆತಿದ್ದೆ ಎಂದು ಹೇಳಿದರೆ ನನಗೆ ಅನುಕೂಲ, ಆದರೆ ಮರೆತಿರಲಿಲ್ಲ.

ಗಂಗಿ ಕಿವಿ ನಿಮಿರಿಸಿತು. ಒಂದು ಸಲ ಗಟ್ಟಿಯಾಗಿ ಕೂಗಿತು. ಆಮೇಲೆ, ಓಡುವುದಿಲ್ಲ ಎಂದು ಅವಳು ಹೇಳುತ್ತಿದ್ದ ಆ ಕುದುರೆ, ನಾನು ಯಾವ ಶರ್ಯತ್ತಿನಲ್ಲೂ ಕಾಣದ ವೇಗದಲ್ಲಿ ದಂಡೆ ಹತ್ತಿ ಹೊಗೆಯೊಳಗೆ ಹೋಯಿತು. ನಾನು ಎದ್ದು ಕೂಗಿದೆ. ಬೆನ್ನು ಹತ್ತಲಿಲ್ಲ.

ಸಂಜೆಗೆ ಗಾಳಿ ಬಿದ್ದಿತು. ಎರಡು ಎಕರೆ ಕಬ್ಬು, ಬಣವೆ, ಲಾಯದ ಮಾಡು ಹೋದವು. ಮನುಷ್ಯರಿಗೆ ಏನೂ ಆಗಲಿಲ್ಲ. ಎಲ್ಲರೂ ಹಳ್ಳದ ಉಸುಕಿನಲ್ಲಿ ಕೂತಿದ್ದಾಗ ಭೀಮವ್ವ, ಅವಳ ಮಗಳು, ಬುಟ್ಟಿಯಲ್ಲಿ ಕುರಿಮರಿಗಳು, ಹಿಂದೆ ಗಂಗಿಯ ಮರಿ, ಮಸಿ ಬಳಿದ ಮುಖದಲ್ಲಿ ಬಂದರು. ಮರಿ ನೇರ ನನ್ನ ಕುದುರೆಗಳ ಹತ್ತಿರ ಹೋಗಿ ಮೂಸಿ, ತಿರುಗಿ ಬಂತು.

"ಗಂಗಿ ಎಲ್ಲೈತ್ರಿ?" ಎಂದಳು ಭೀಮವ್ವ.

"ಹಗ್ಗ ಹರೀತು ಭೀಮವ್ವ" ಎಂದೆ.

ಅವಳ ಕಣ್ಣು ನನ್ನ ಮುಖದಿಂದ ಇಳಿದು, ನನ್ನ ಹಿಂದೆ ನಿಂತಿದ್ದ ರಾಜಾನ ಕೊರಳಿಗೆ ಹೋಯಿತು. ಅಲ್ಲಿ ಕರಿಬಿಳಿ ಹಗ್ಗ ಗಟ್ಟಿಯಾಗಿ ಇತ್ತು. ಅದನ್ನು ಅವಳೇ ಹೊಸೆದದ್ದು. ಅವಳು ನೋಡಿದ್ದನ್ನು ನಾನು ನೋಡಿದೆ. ನಾನು ನೋಡಿದ್ದು ಅವಳಿಗೂ ತಿಳಿಯಿತು.

"ಹರೀತಾ" ಎಂದಳು, ಮೆತ್ತಗೆ. ನಾನು ಅವಸರದಿಂದ ಹಗ್ಗ ಬಿಚ್ಚಲು ಹೋದೆ. "ಇರಲಿ ಬಿಡ್ರಿ. ನಿಮ್ಮ ಕುದುರಿ ಕಟ್ಟಾಕ ಬೇಕಾಗತೈತಿ" ಎಂದು, ಮಗಳ ಕೈಯಿಂದ ನೀರಿನ ತಂಬಿಗೆ ತೆಗೆದುಕೊಂಡು ಮರಿಗೆ ಕುಡಿಸುತ್ತ ಕೂತಳು.

ಮರುದಿನ ಬೆಳಿಗ್ಗೆ ಗಂಗಿ ಸಿಕ್ಕಿತು. ಹಟ್ಟಿ ಇದ್ದ ಜಾಗದಲ್ಲೇ, ಮರಿ ಕಟ್ಟುತ್ತಿದ್ದ ಗೂಟದ ಹತ್ತಿರ. ಗುಂಡಿ ತೋಡಲು ನಾನೂ ಹೋದೆ. ಭೀಮವ್ವ ಬೇಡವೆನ್ನಲಿಲ್ಲ. ಒಂದು ಹಾಲು ಕೊಡುವ ಆಕಳನ್ನು ಹೊಡೆದುಕೊಂಡು ಹೋಗು ಎಂದೆ. "ಆಡಿನ ಹಾಲಿನ್ಯಾಗ ಬದಕತೈತ್ರಿ ಮರಿ" ಎಂದಳು. ನಾಲ್ಕು ದಿನಕ್ಕೆ ಹಟ್ಟಿ ಕಿತ್ತರು. ಗಂಗಿ ಹೊರುತ್ತಿದ್ದ ಹೊರೆಯನ್ನು ತಾಯಿ ಮಗಳು ತಲೆಯ ಮೇಲೆ ಹೊತ್ತು ಹೋದರು.

ಮುಂದಿನ ವರ್ಷ ಅವರು ಬಂದರು. ಕುರಿ ತರುಬಿದ್ದು ನಮ್ಮ ಹೊಲದಲ್ಲಲ್ಲ, ಬಾಜೂ ಹೊಲದಲ್ಲಿ. "ಯಾಕ ಹಿಂಗ ಮಾಡಿದ್ರು?" ಎಂದು ಅವ್ವ ಕೇಳಿದಳು. ಗೊತ್ತಿಲ್ಲ ಎಂದೆ. ಅದರ ಮುಂದಿನ ವರ್ಷದಿಂದ ಬರುವುದೇ ನಿಂತಿತು.

ರಾಜಾ ಆ ವರ್ಷ ಕಾಗವಾಡದಲ್ಲಿ ಗೆದ್ದಿತು. ನಾನು ಚಹದ ಅಂಗಡಿಗಳಲ್ಲಿ ಕೂತು ಬೆಂಕಿಯಿಂದ ಕುದುರೆ ಉಳಿಸಿದ ಕಥೆ ಹೇಳುತ್ತಿದ್ದೆ. ಹೇಳಿದಂತೆಲ್ಲ ಕಥೆ ಚೆಂದವಾಯಿತು. ಬೆಂಕಿ ದೊಡ್ಡದಾಯಿತು, ನಾನು ಧೈರ್ಯಶಾಲಿಯಾದೆ, ಭೀಮವ್ವ ಸಣ್ಣವಳಾಗುತ್ತ ಹೋದಳು. ಒಂದು ಮಾತು ಮಾತ್ರ ಎಂದೂ ಬದಲಾಗಲಿಲ್ಲ: ಹಗ್ಗ ಹರೀತು. ತೊಂಬತ್ತರ ದಶಕದ ನಡುವಿನಲ್ಲಿ ಕುದುರೆಗಳೂ ಮುದಿಯಾಗಿ ಹೋದವು. ಮತ್ತೆ ಕುದುರೆ ಕಟ್ಟಲಿಲ್ಲ. ಯಾಕೆ ಎಂದವರಿಗೆ ಸೊಂಟ ನೋವು ಎಂದೆ.

ಮೊನ್ನೆ ಎದ್ದು ಕೂತವನನ್ನು ಸುಶೀಲಾ ಬಾಗಿಲಿಂದ ನೋಡುತ್ತಿದ್ದಳು. ಏಕೋ ಏನೋ, ಬಾಯಿಗೆ ಬಂತು. "ಅವತ್ತು ಹಗ್ಗ ಹರೀಲಿಲ್ಲ. ನಾನು ಕಟ್ಟಿರಲೇ ಇಲ್ಲ" ಎಂದೆ.

ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟು ಎದುರಿಗೆ ಕೂತಳು. "ನಂಗ ಗೊತ್ತೈತಿ" ಎಂದಳು. "ಗುಂಡಿ ಮುಚ್ಚಿದ ದಿನ ಭೀಮವ್ವ ಚಾ ಕುಡ್ಯಾಕ ಬಂದಿದ್ದಳು. ಹೇಳಿದ್ದಳು. 'ಯಜಮಾನ್ರಿಗೆ ಏನೂ ಕೇಳಬ್ಯಾಡ ಮಗಳ, ಅವರಾಗೇ ಬಂದು ಹೇಳ್ತಾರ' ಅಂದಳು. ನಾನೂ ಕಾದೆ."

ಅವಳು ಕಾದದ್ದು, ಆ ಮುಂದಿನ ವರ್ಷ ಬಾಜೂ ಹೊಲದಲ್ಲಿ ಭೀಮವ್ವ ಒಂದು ತಿಂಗಳು ಕಾದದ್ದು, ಎರಡೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಇನ್ನೂರು ಹೆಜ್ಜೆ ದೂರ. ನಾನು ಹೋಗಿರಲಿಲ್ಲ.

ಅವರ ಮಂದಿ ಈಗ ತೆಲಸಂಗದ ಕಡೆ ನೆಲೆಯಾಗಿದ್ದಾರೆಂದು ವಿಚಾರಿಸಿದಾಗ ತಿಳಿಯಿತು. ಭೀಮವ್ವ ಇದ್ದಾಳೋ ಇಲ್ಲವೋ ಹೇಳಿದವರಿಗೆ ಗೊತ್ತಿರಲಿಲ್ಲ. ಇದ್ದರೆ ಎಂಬತ್ತು ದಾಟಿರಬೇಕು. ಇವತ್ತು ಬೆಳಿಗ್ಗೆ ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಸುಶೀಲಾ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ತಂದು ಕೈಗೆ ಕೊಟ್ಟಳು.

"ಆಕಿ ಇದ್ರ ಆಕಿಗೆ, ಇಲ್ಲಂದ್ರ ಮಗಳಿಗೆ" ಎಂದಳು. "ಆದ್ರ ಮೊದಲ ಹಗ್ಗದ ಮಾತ ಹೇಳ್ರಿ. ಆಮ್ಯಾಲ ಬುತ್ತಿ ಬಿಚ್ಚರಿ."