ಎಡಕ್ಕೆ ಸುತ್ತಿದ ಬುಟ್ಟಿ

ಟಣ್ ಟಣ್ ಟಣಕ್. ಹಿಂದಿನ ಓಣಿಯ ಪಾತ್ರೆ ಕೆಲಸದವನು ಸುತ್ತಿಗೆ ಎತ್ತಿದನೆಂದರೆ ಬುಟ್ಟಿ ಅಕ್ಕನ ಮನೆಯಲ್ಲೂ ಬೆಳಗಾದಂತೆ. ಆ ಸದ್ದಿಗೆ ಒಗ್ಗಿಹೋದ ಅವಳ ಬೆರಳುಗಳು, ಅವನು ನೀರು ಕುಡಿಯಲು ನಿಲ್ಲಿಸಿದರೆ ತಾವೂ ಒಂದು ಗಳಿಗೆ ತಡವರಿಸುತ್ತವೆ.

ಅವಳು ಹೆಣೆಯುವುದು ಬಿದಿರಿನ ಬುಟ್ಟಿ. ಕಲಿಸಿದವಳು ಅಮ್ಮ. ಅಕ್ಕ ತಂಗಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ಬಾಯಿ ಮುಚ್ಕೊಂಡು ನನ್ನ ಕೈ ನೋಡ್ರೇ" ಎಂದಿದ್ದಳು. ಇಬ್ಬರೂ ನೋಡಿದರು, ಕನ್ನಡಿ ನೋಡಿದ ಹಾಗೆ. ಅಮ್ಮನ ಬಿದಿರ ಸೀಳು ಬಲಕ್ಕೆ ಸುತ್ತಿದರೆ ಇವರದು ಎಡಕ್ಕೆ ಸುತ್ತಿತು. ಅಮ್ಮನ ಗಮನಕ್ಕೆ ಬರುವಷ್ಟರಲ್ಲಿ ಕೈ ಕೂತುಬಿಟ್ಟಿತ್ತು. "ಹಾಳಾಗ್ಲಿ, ತಳ ಕಳಚದಿದ್ರೆ ಸಾಕು" ಎಂದು ನಕ್ಕು ಸುಮ್ಮನಾದಳು. ಕೊಳ್ಳುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಅಮ್ಮ ತೀರಿಕೊಂಡಾಗ ಅವಳು ಬಿದಿರು ಸೀಳುತ್ತಿದ್ದ ಮಚ್ಚು ತನಗೆ ಬೇಕೆಂದಳು ತಂಗಿ. "ಹೆಣೆಯೋದೇ ಬಿಟ್ಟವಳಿಗೆ ಮಚ್ಚು ಯಾಕೆ?" ಎಂದುಬಿಟ್ಟಳು ಅಕ್ಕ. ತಂಗಿ ಚಪ್ಪಲಿ ಮೆಟ್ಟಿ ಹೊರಟವಳು ಮನೆ ಬದಲಿಸಿದಳು, ಫೋನ್ ನಂಬರನ್ನೂ ಬದಲಿಸಿದಳು. ಅವರಿವರ ಕೈಲಿ ಹುಡುಕಿಸಿ ಹುಡುಕಿಸಿ ಅಕ್ಕ ಸೋತಳು.

ಇಂದು ಪೇಟೆಯ ಕರಕುಶಲ ಅಂಗಡಿಗೆ ಹೊಸ ಬುಟ್ಟಿಗಳನ್ನು ಹೊತ್ತು ಬಂದವಳು, ತನ್ನವುಗಳ ಸಾಲಿನಲ್ಲಿದ್ದ ಒಂದನ್ನು ಕಂಡು ನಿಂತಳು. ತಳ ಮೇಲೆ ಮಾಡಿ ನೋಡಿದಳು. ಸುತ್ತು ಎಡಕ್ಕೆ. ತನ್ನದೇ ಎನ್ನೋಣವೆಂದರೆ ಅಂಚಿನ ಕಟ್ಟು ಬೇರೆ. ಹೆಣಿಗೆ ಅಲ್ಲಲ್ಲಿ ಸಡಿಲ, ಬಹಳ ಕಾಲ ಬಿಟ್ಟು ಮತ್ತೆ ಕೂತ ಕೈಯದು.

"ಅಣ್ಣಾ, ಇದು ಯಾರದ್ದು?"

ಮರದ ಆನೆಗಳ ಧೂಳು ಒರೆಸುತ್ತಿದ್ದ ಅಂಗಡಿಯವನು ತಲೆ ಎತ್ತಲಿಲ್ಲ. "ನಿಮ್ದೇ ಇರ್ಬೇಕು ನೋಡಿ."

"ನಂದಾದ್ರೆ ನಂಗೆ ಗೊತ್ತಾಗಲ್ವಾ?"

"ಅಯ್ಯೋ ಅಕ್ಕಾ, ನನಗೆ ನನ್ನ ಕೊಡೆನೇ ಗುರುತು ಸಿಗಲ್ಲ, ನೀವು ಬುಟ್ಟಿ ಅಂತೀರಿ!" ಎನ್ನುತ್ತ ಹತ್ತಿರ ಬಂದವನು ಹಣೆ ತಟ್ಟಿಕೊಂಡ. "ಹಾಂ, ಇದಾ! ಈಗಷ್ಟೇ ಒಬ್ಬರು ಹೆಂಗಸು ತಂದುಕೊಟ್ಟರು. ನಿಮ್ಮ ಬುಟ್ಟಿ ಮುಂದೆ ನಿಂತವರು ನಿಂತೇ ಬಿಟ್ಟರು. ನಿಮ್ಮ ಹಾಗೇ ತಳ ತಿರುಗಿಸಿ ನೋಡಿದ್ರು."

"ಏನಾದ್ರೂ ಅಂದಳಾ?"

"ಇದನ್ನ ಅದರ ಪಕ್ಕಕ್ಕೇ ಇಡಿ ಅಂದ್ರು. ಎಲ್ಲಿಟ್ಟರೇನು ತಾಯಿ ಅಂದೆ. ಕೇಳಲೇ ಇಲ್ಲ, ತಾವೇ ಇಟ್ಟರು."

"ಮತ್ತೆ? ಹೆಸರು? ಮನೆ?"

"ಪೊಲೀಸಿನವನಾ ನಾನು, ಅದನ್ನೆಲ್ಲ ಕೇಳೋಕೆ? ಒಳ್ಳೆ ಬಿದಿರು ಎಲ್ಲಿ ಸಿಗುತ್ತೆ ಅಂದ್ರು, ಮರದ ಡಿಪೋ ದಾರಿ ತೋರಿಸಿದೆ. ಯಾಕಕ್ಕಾ, ನಿಮ್ಮ ಗಿರಾಕಿ ಕಿತ್ಕೋತಾರೆ ಅಂತ ಹೆದರಿಕೆನಾ?"

ಅವಳು ಆ ಬುಟ್ಟಿಯನ್ನು ತನ್ನದರ ಪಕ್ಕದಲ್ಲಿ ಮೊದಲಿನಂತೆಯೇ ಇಟ್ಟಳು. ಇನ್ನೂ ಕಟ್ಟು ಬಿಚ್ಚದ ಹೊರೆಯನ್ನು ಅವನ ತೋಳಿಗೆ ತುರುಕಿದಳು.

"ಅರೇ! ಎಣಿಸ್ಕೊಳ್ಳೋದು ಬೇಡ್ವಾ?"

"ಆಮೇಲೆ ಅಣ್ಣಾ, ಆಮೇಲೆ!" ಅವಳು ಆಗಲೇ ಮೆಟ್ಟಿಲಿಳಿದು, ಕೈಗಾಡಿಯೊಂದನ್ನು ಬಳಸಿಕೊಂಡು, ತಿರುಗಿ ನೋಡದೆ ಕೂಗಿದಳು. "ಆ ಡಿಪೋದವನು ಹೊಸಬರು ಅಂದ್ರೆ ಎಳೇ ಬಿದಿರು ತಗುಲಿಹಾಕ್ತಾನೆ, ಅವಳಿಗೆ ಮೊದಲಿಂದಲೂ ಆರಿಸೋಕೆ ಬರಲ್ಲ, ನಾನು ಹೋಗಿ ಅವಳ ಜೊತೆ ನಿಂತು ಆರಿಸಿಕೊಡ್ತೀನಿ!"