ಎಡ ತುದಿಯ ಮೊಣಕೈ

ಒಂದೇ ಸಿನಿಮಾದ ಮೂರು ಡಿಸ್ಕ್ ನಮ್ಮ ಮನೆಯಲ್ಲಿವೆ ಎಂದರೆ ರವಿಕೆ ಹೊಲಿಸಲು ಬಂದ ಹೆಂಗಸರು ನಗುತ್ತಾರೆ. ನಗಲಿ. ಅದೇ ಹೆಂಗಸರು ಮೂರು ಹಸಿರು ಸೀರೆ ತಂದು ನನ್ನ ಮುಂದೆ ಸುರಿದು, ಮೂರಕ್ಕೂ ರವಿಕೆ ಹೊಲಿದುಕೊಡು ಎನ್ನುತ್ತಾರೆ. ಇದು ಗಿಳಿ ಹಸಿರು, ಇದು ಹೆಸರುಕಾಳಿನ ಹಸಿರು, ಇದು ಎಲೆ ಹಸಿರು ಅಂತ ಬೇರೆ ಬೇರೆ ಮಾಡಿ ತೋರಿಸುತ್ತಾರೆ. ನಾನು ಎಂದಾದರೂ ನಕ್ಕಿದ್ದೇನೆಯೇ? ಡಿಸ್ಕುಗಳೂ ಹಾಗೆಯೇ. ಮೇಲಿನ ಹೆಸರು ಒಂದೇ ಆದರೂ ಒಳಗಿನ ಚಿತ್ರ ಬೇರೆ, ದನಿ ಬೇರೆ.

ಹಾನಗಲ್ಲಿನ ನಮ್ಮ ಮನೆಯ ಹೊರಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರವಿದೆ. ಅದರ ಎದುರಿಗೆ ಡಬ್ಬದಂಥ ಹಳೆಯ ಸಣ್ಣ ಟಿವಿ, ಪಕ್ಕದಲ್ಲಿ ಪ್ಲೇಯರ್. ಹುಕ್ಕು ಹಚ್ಚುವಾಗ, ಅಂಚು ಮಡಿಚಿ ಹೊಲಿಯುವಾಗ ಒಂದು ಡಿಸ್ಕ್ ಹಾಕಿ ಒಂದು ದೃಶ್ಯ ನೋಡುತ್ತೇನೆ. ಅದನ್ನು ತೆಗೆದು ಇನ್ನೊಂದು ಹಾಕಿ ಅದೇ ದೃಶ್ಯ ನೋಡುತ್ತೇನೆ. ಫೋನಿನಲ್ಲಿ ಎಲ್ಲ ಪುಕ್ಕಟೆ ಸಿಗುತ್ತದಲ್ಲ ಎಂದು ನಮ್ಮ ಮನೆಯವರು ಕೇಳುತ್ತಾರೆ. ಸಿಗುತ್ತದೆ, ಏನು ಸಿಗುತ್ತದೆ? ಯಾವುದೋ ಚಾನೆಲ್ಲಿನ ಮುದ್ರೆ ನಾಯಕಿಯ ಹಣೆಯ ಮೇಲೆ ಕೂತಿರುತ್ತದೆ. ಹಾಡು ಅರ್ಧಕ್ಕೇ ಹಾರಿಹೋಗಿರುತ್ತದೆ. ಅಂಥದ್ದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹುಚ್ಚು ನನ್ನದೇ, ಒಪ್ಪುತ್ತೇನೆ. ಆದರೆ ಆ ಮೂರು ಡಿಸ್ಕುಗಳ ಸಿನಿಮಾ ಮಾತ್ರ ನನ್ನ ಅತ್ತೆಯದು.

ಅತ್ತೆಯ ತವರು ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿ. ಅವರಿಗೆ ಮದುವೆಯಾಗುವ ಮೊದಲು ಆ ಊರಿಗೆ ಸಿನಿಮಾದವರು ಬಂದಿದ್ದರಂತೆ. ಶೀಗಿ ಹುಣ್ಣಿಮೆಯ ದಿನ ಹೆಂಗಸರು ಅಡುಗೆಯ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿಗೆ ಆ ಅಡುಗೆಯನ್ನೇ ಚರಗವೆಂದು ಚೆಲ್ಲುತ್ತಾರಲ್ಲ, ಅದನ್ನು ಅವರು ಚಿತ್ರಿಸಬೇಕಿತ್ತು. ಖಾಲಿ ಬುಟ್ಟಿ ಹೊತ್ತು ಬಂಡಿದಾರಿಯಲ್ಲಿ ಒಬ್ಬರ ಪಕ್ಕ ಒಬ್ಬರು ಎದುರಿಗೆ ನಡೆದುಬನ್ನಿ, ಸಾಕು ಎಂದರಂತೆ. ಊರ ಹೆಂಗಸರು ಸುತರಾಂ ಒಪ್ಪಲಿಲ್ಲ. ಹೊಲಕ್ಕೆ ಖಾಲಿ ಬುಟ್ಟಿ ಹೊತ್ತು ಹೋಗುವುದುಂಟೇ? ಸಿನಿಮಾದವರನ್ನು ಕಾಯಲು ಕೂರಿಸಿ ಕಡುಬು, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ ಎಲ್ಲ ಮಾಡಿ, ಬುಟ್ಟಿ ತುಂಬಿಕೊಂಡೇ ಹೊರಟರು. ಸಾಲಿನ ತುದಿಯಲ್ಲಿ ನಮ್ಮ ಅತ್ತೆ. ಬುಟ್ಟಿ ಭಾರವಾಗಿತ್ತು, ಒಂದು ಕೈ ಮೇಲೆತ್ತಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಕ್ಯಾಮೆರಾ ನೋಡಬೇಡಿ ಎಂದು ಹೇಳಿದ್ದರೂ ನೋಡಿದರು, ನೋಡಿ ನಕ್ಕರು. ಮುಂದೆ ಆ ಸಿನಿಮಾ ಸವಣೂರಿನ ಟಾಕೀಸಿಗೆ ಬಂದಾಗ ಅಣ್ಣಂದಿರ ಜೊತೆ ಹೋಗಿ ನೋಡಿದರು. ಗೋಡೆಯಗಲದ ಪರದೆಯ ಮೇಲೆ ಅವರೇ ಇದ್ದರಂತೆ.

ಮದುವೆಯಾಗಿ ಹಾನಗಲ್ಲಿಗೆ ಬಂದವರು ಇದನ್ನು ಸಂಭ್ರಮದಿಂದ ಎಲ್ಲರಿಗೂ ಹೇಳಿದರು. ಕೆಲವು ವರ್ಷಗಳ ಮೇಲೆ ಮನೆಗೆ ಟಿವಿ ಬಂತು, ಒಂದು ಭಾನುವಾರ ಆ ಸಿನಿಮಾವೂ ಬಂತು. ಓಣಿಯ ಜನವನ್ನೆಲ್ಲ ಕರೆದು ಕೂರಿಸಿದರು. ಬುಟ್ಟಿಯ ದೃಶ್ಯ ಬಂತು, ಹೋಯಿತು. ಅತ್ತೆ ಅದರಲ್ಲಿ ಇರಲಿಲ್ಲ. ಅಂದು ಮಾವನ ತಂಗಿ ಅವರಿಗೆ ಒಂದು ಹೆಸರಿಟ್ಟರು, ಸಿನಿಮಾದಾಕಿ. ತಾವು ಮದುವೆಯಾಗಿ ಹಿರೇಕೆರೂರಿಗೆ ಹೋದ ಮೇಲೂ ಅದನ್ನು ಬಿಡಲಿಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಊಟದ ನಡುವೆ ಅವರು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

"ಏ ಸಿನಿಮಾದಾಕಿ, ಸಾರಿಗೆ ಉಪ್ಪ ಖರೇನ ಹಾಕೀಯೋ, ಇಲ್ಲಾ ಅದೂ ಬರೇ ಬಾಯಿಮಾತಿನಾಗ ಹಾಕೀಯೋ?"

ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು. ಆದರೆ ಟಿವಿಯಲ್ಲಿ ಆ ಸಿನಿಮಾ ಬಂದಾಗಲೆಲ್ಲ ಅವರು ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಒಮ್ಮೆ ನಾನೂ ಅವರ ಹಿಂದೆಯೇ ಹೋದೆ. ಅವರು ರೊಟ್ಟಿ ಬಡಿಯುತ್ತಿದ್ದರು.

"ಯತ್ತಿ, ನೀವು ಖರೇನ ಇದ್ರೇನ್ರಿ ಅದರಾಗ?"

"ಇದ್ದೆ ಅಂತ ತಿಳ್ಕೊಂಡಿದ್ದೆ ನೋಡವಾ" ಎಂದರು, ಹಂಚಿನಿಂದ ಮುಖ ಎತ್ತದೆ. "ಈಗ ನನಗ ಅನುಮಾನ ಬರಾಕತ್ತೈತಿ. ಕನಸ ಬಿದ್ದಿತ್ತೇನೋ."

ಪಕ್ಕದ ಮನೆಯ ಸುದ್ದಿಯನ್ನೂ ಉಪ್ಪು ಖಾರ ಹಚ್ಚದೆ ಹೇಳುವ ಹೆಂಗಸು ಇವರು. ಅಂಥವರಿಗೆ ತಮ್ಮ ಕಣ್ಣ ಮೇಲೇ ನಂಬಿಕೆ ಹೋಗುವ ಹಾಗೆ ಮಾಡಿದ್ದರಲ್ಲ! ಆ ಸಿನಿಮಾದ ಡಿಸ್ಕ್ ಎಲ್ಲಿ ಸಿಕ್ಕರೂ ಬಿಡಬಾರದು ಎಂದು ಅಂದೇ ತೀರ್ಮಾನಿಸಿದೆ.

ಮೊದಲನೆಯದು ಶಿಗ್ಗಾಂವಿಯ ಬಸ್ ನಿಲ್ದಾಣದ ಎದುರು ಸಿಕ್ಕಿತು. ಒಂದೇ ಡಿಸ್ಕಿನಲ್ಲಿ ಮೂರು ಸಿನಿಮಾ ತುರುಕಿದ್ದರು. ಹಾಗೆ ತುರುಕಿದ ಮೇಲೆ ಚಿತ್ರಕ್ಕೆ ಉಸಿರಾಡಲು ಜಾಗವೆಲ್ಲಿ? ಎಲ್ಲರ ಮುಖಕ್ಕೂ ಅರಿಶಿನ ಬಳಿದ ಬಣ್ಣ. ಗಾಳಿಗೆ ಪೈರು ಅಲ್ಲಾಡಿದರೆ ಪರದೆಯೆಲ್ಲ ಚೌಕ ಚೌಕ. ಮಾತು ಕೊಡದೊಳಗಿಂದ ಬಂದ ಹಾಗೆ. ಬುಟ್ಟಿಯ ದೃಶ್ಯದಲ್ಲಿ ಮೂವರು ಹೆಂಗಸರು ಕಂಡರು, ಅವರಿಗೂ ಕಣ್ಣು ಮೂಗು ನೆಟ್ಟಗಿರಲಿಲ್ಲ. ಎಡ ತುದಿಯಲ್ಲಿ ಗಿಡದ ಟೊಂಗೆಯಂಥದ್ದು ಏನೋ ಒಂದು ಅಲ್ಲಾಡಿ ಮರೆಯಾಯಿತು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎರಡನೆಯದು ಹಿರೇಕೆರೂರಿನದು. ಅಲ್ಲಿ ಹಳೆಯ ಕ್ಯಾಸೆಟ್ ಅಂಗಡಿಯೊಂದು ಮುಚ್ಚುತ್ತಿದೆ ಎಂದು ತಿಳಿದು, ಮಾವನ ತಂಗಿಯನ್ನು ಮಾತಾಡಿಸುವ ನೆವ ಮಾಡಿಕೊಂಡು ಹೋಗಿ ತಂದೆ. ದನಿಯ ಮಟ್ಟಿಗೆ ಈ ಡಿಸ್ಕ್ ಮಾಡಿದವರನ್ನು ಕರೆದು ನಿಲ್ಲಿಸಿ ಬೈಯಬೇಕು. ಸುಧಾರಣೆ ಮಾಡುತ್ತೇವೆ ಎಂದು ಹಳೆಯ ಹಾಡಿಗೆ ಹೊಸ ಡೋಲು ಸೇರಿಸಿದ್ದಾರೆ. ನಾಯಕ ಎದುರಿಗೆ ನಿಂತು ಮಾತಾಡಿದರೆ ಅವನ ಹೆಜ್ಜೆಯ ಸಪ್ಪಳ ನಮ್ಮ ಬೆನ್ನ ಹಿಂದೆ ಕೇಳುತ್ತದೆ. ಯಾರು ಕೇಳಿದ್ದರು ಇವರನ್ನು? ಆದರೆ ಚಿತ್ರ, ಆಹಾ, ಎಷ್ಟು ಚೊಕ್ಕ! ಇಳಕಲ್ ಸೀರೆಯ ದಡಿ ಎಳೆ ಎಳೆಯಾಗಿ ಕಾಣುತ್ತಿತ್ತು. ಮುಖದ ಬಣ್ಣ ಮುಖದ ಬಣ್ಣವೇ ಆಗಿತ್ತು. ಬುಟ್ಟಿಯ ದೃಶ್ಯ ಬಂದಾಗ ನಾನು ಸೂಜಿ ಕೆಳಗಿಟ್ಟೆ.

ಎಡ ತುದಿಯಲ್ಲಿ ಅಲ್ಲಾಡಿದ್ದು ಟೊಂಗೆಯಲ್ಲ, ಮೊಣಕೈ. ಹಸಿರು ಬಳೆ ಮುಂಗೈಯಿಂದ ಮೊಣಕೈವರೆಗೆ ಜಾರಿ ನಿಂತಿದ್ದವು. ದಿನಾ ತೋಳು ಅಳೆದು ಹೊಟ್ಟೆ ಹೊರೆಯುವವಳು ನಾನು, ನನಗೆ ಮೊಣಕೈ ಗೊತ್ತಾಗುವುದಿಲ್ಲವೇ? ಆ ಕೈಯ ಒಡತಿ ಚಿತ್ರದ ಆಚೆ ಇದ್ದಳು. ಅವಳು ಎದುರಿಗೆ ನಡೆದು ಬರುತ್ತಿದ್ದಾಳೆ, ಎಡ ತುದಿಯಿಂದ ಒಳಗೆ ಚಾಚಿದೆ ಎಂದರೆ ಅದು ಅವಳ ಎಡಗೈ. ಉಳಿದ ಮೂವರೂ ಬಲಗೈಯಿಂದ ಬುಟ್ಟಿ ಹಿಡಿದಿದ್ದರು. ನಮ್ಮ ಮನೆಯಲ್ಲಿ ಎಡಗೈಯಿಂದ ರೊಟ್ಟಿ ಬಡಿಯುವವರು ಒಬ್ಬರೇ ಇದ್ದಾರೆ.

ಸಿನಿಮಾವನ್ನು ಮತ್ತೆ ಮೊದಲಿಂದ ಹಾಕಿದೆ. ಈಗ ಎಲ್ಲ ಕಣ್ಣಿಗೆ ಹೊಡೆಯತೊಡಗಿತು. ಶುರುವಿನಲ್ಲಿ ಬರುವ ಹೆಸರುಗಳಿಗೆ ಮೊದಲ ಅಕ್ಷರವೂ ಇಲ್ಲ, ಕೊನೆಯ ಅಕ್ಷರವೂ ಇಲ್ಲ. ಒಂದು ಕಡೆ ನಾಯಕ ಗೋಡೆಯ ಜೊತೆ ಜಗಳವಾಡುತ್ತಾನೆ, ಯಾಕೆಂದರೆ ಜಗಳಕ್ಕೆ ನಿಂತವನು ಚಿತ್ರದಲ್ಲೇ ಇಲ್ಲ. ಟಾಕೀಸಿನ ಅಗಲ ಪರದೆಯ ಚಿತ್ರವನ್ನು ಟಿವಿಯ ಅಳತೆಗೆ ತರಲು ಎರಡೂ ಬದಿ ಕತ್ತರಿಸಿ ಬಿಸಾಡಿದ್ದರು. ಸೀರೆಯ ಎರಡೂ ದಡಿ ಕತ್ತರಿಸಿ ನಡುವಿನ ಬಟ್ಟೆಯನ್ನು ಮಾತ್ರ ಉಡಲು ಕೊಟ್ಟ ಹಾಗೆ. ನಮ್ಮ ಅತ್ತೆ ಆ ದಡಿಯಲ್ಲಿದ್ದರು.

ಅವರಿಗೆ ಆಗಲೇ ಹೇಳಲಿಲ್ಲ. ಬರೀ ಮೊಣಕೈ ತೋರಿಸಿದರೆ ಮನೆಯವರಿಗೆ ನಗಲು ಇನ್ನೊಂದು ನೆವ ಸಿಗುತ್ತಿತ್ತು. ದಡಿ ಕತ್ತರಿಸದ ಡಿಸ್ಕ್ ಬೇಕಾಗಿತ್ತು.

ನಮ್ಮ ಮಾವನಿಗೆ ವೀಳ್ಯದೆಲೆ ಎಂದರೆ ಸವಣೂರಿನದೇ ಆಗಬೇಕು. ಅದನ್ನು ತರಲು ಹೋದ ದಿನ ಅಲ್ಲಿಯ ಪೇಟೆಯಲ್ಲಿ ಒಂದು ಅಂಗಡಿ ಹೊಕ್ಕೆ. ಈಗ ಅಲ್ಲಿ ಮಾರುವುದು ಮೊಬೈಲಿನ ಕವರು, ಚಾರ್ಜರು. ಹಳೆಯ ಡಿಸ್ಕುಗಳು ಮೂಲೆಯ ಚೀಲದಲ್ಲಿದ್ದವು. ನಾನು ಸಿನಿಮಾದ ಹೆಸರು ಹೇಳಿದೆ.

"ಅದ ಒಂದ ಐತ್ರಿ ಅಕ್ಕಾರ, ಆದ್ರ ನಿಮಗ ಬ್ಯಾಡ" ಎಂದ ಅಂಗಡಿಯವ. "ಡ್ಯಾಮೇಜ್ ಮಾಲ್ ಐತಿ."

"ಏನಾಗೇತ್ರಿ ಅದಕ್ಕ?"

"ಮ್ಯಾಲೊಂದು ಕೆಳಗೊಂದು ಕರಿ ಪಟ್ಟಿ ಬರ್ತಾವ್ರಿ. ಒಯ್ದೋರೆಲ್ಲಾ ಬೈದು ತಿರುಗಿ ಕೊಟ್ಟಾರ. ಟಿವಿ ಅರ್ಧಾ ಖಾಲಿ ಬಿಟ್ಟರ ಯಾರ ನೋಡ್ತಾರ್ರಿ?"

ನಮ್ಮ ಮಾವನೂ ಇದೇ ಮಾತು ಹೇಳುವವರು. ಕರಿ ಪಟ್ಟಿ ಕಂಡರೆ ಅವರಿಗೆ ಆಗುವುದಿಲ್ಲ, ಅದು ನಿಂತಲ್ಲಿ ಟಿವಿ ಸುಡುತ್ತದೆ, ಪಡಸಾಲೆಗೆ ಅಷ್ಟು ದೊಡ್ಡ ಟಿವಿ ತಂದದ್ದು ಕತ್ತಲೆ ನೋಡಲಿಕ್ಕೇನು ಎಂದು ಕೂಗಾಡುತ್ತಾರೆ. ಆ ಪಟ್ಟಿ ಇದೆ ಎಂದರೆ ಚಿತ್ರದ ಪೂರ್ತಿ ಅಗಲ ಉಳಿದಿದೆ ಎಂದು ಅರ್ಥ. ಯಾರಿಗೆ ಹೇಳುವುದು?

"ಅಣ್ಣಾರ, ಆ ಡ್ಯಾಮೇಜ್ ಮಾಲ್ ನನಗ ಬೇಕ್ರಿ, ಕೊಡ್ರಿ ಲಗೂನ!" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ತೆಗೆದುಕೊಟ್ಟ. ಬಸ್ಸಿನಲ್ಲಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ಮನೆ ಮುಟ್ಟಿದ ಮೇಲೆ ನೆನಪಾಯಿತು, ಎಲೆ ತಂದೇ ಇರಲಿಲ್ಲ. ಮಾವನ ಬೈಗಳು ಆ ದಿನ ಹಾಡು ಕೇಳಿದಷ್ಟು ಹಿತವಾಗಿದ್ದವು.

ಹೊರಕೋಣೆಯ ಬಾಗಿಲು ಹಾಕಿ ಸಣ್ಣ ಟಿವಿಯಲ್ಲಿ ಹಾಕಿ ನೋಡಿದೆ. ಚಿತ್ರ ಸ್ವಲ್ಪ ಮಸುಕು, ಒಂದೆರಡು ಗೀರು. ದನಿ ಮಾತ್ರ ಇದ್ದದ್ದು ಇದ್ದ ಹಾಗೆ, ಡೋಲು ಗೀಲು ಏನಿಲ್ಲ. ಬಂಡಿದಾರಿ ಈಗ ಅಗಲವಾಗಿತ್ತು, ಐದು ಜನ ಹೆಂಗಸರು ಸಾಲಾಗಿ ಬರುತ್ತಿದ್ದರು. ಎಡ ತುದಿಯಲ್ಲಿ ಅತ್ತೆ. ಎಡಗೈ ಬುಟ್ಟಿಯ ಮೇಲೆ, ಸೆರಗಿನ ತುದಿ ಹಲ್ಲಿನಲ್ಲಿ. ಸೆರಗು ಬಿಟ್ಟು ನೆಟ್ಟಗೆ ನನ್ನನ್ನೇ ನೋಡಿ ಒಮ್ಮೆ ನಕ್ಕರು. ನನಗೆ ಕಣ್ಣು ತುಂಬಿ ಬಂತು. ಯಂತ್ರದ ಮೇಲಿದ್ದ ಯಾರದೋ ರವಿಕೆಯಲ್ಲೇ ಮುಖ ಒರೆಸಿಕೊಂಡೆ.

ಶೀಗಿ ಹುಣ್ಣಿಮೆ ಹತ್ತಿರವೇ ಇತ್ತು. ಹಿರೇಕೆರೂರಿನವರು ಬರುವವರಿದ್ದರು. ಅಲ್ಲಿಯವರೆಗೆ ಬಾಯಿ ಬಿಡದೆ ಇದ್ದದ್ದು ಹೇಗೆ ಎನ್ನುವುದು ನನಗೇ ಗೊತ್ತಿಲ್ಲ.

ಹಬ್ಬದ ದಿನ ಚರಗ ಚೆಲ್ಲಿ, ಹೊಲದಲ್ಲೇ ಉಂಡು, ಮಧ್ಯಾಹ್ನ ಮನೆಗೆ ಬಂದೆವು. ಎಲ್ಲರೂ ಪಡಸಾಲೆಯಲ್ಲಿ ಅಡ್ಡಾದರು. ನಾನು ದೊಡ್ಡ ಟಿವಿಗೆ ಪ್ಲೇಯರ್ ಜೋಡಿಸಿ, ಇವತ್ತು ನಮ್ಮತ್ತಿಯ ಸಿನಿಮಾ ಎಂದು ಸಾರಿದೆ. ಅತ್ತೆ ತಟ್ಟನೆ ಎದ್ದರು. ನಾನು ರಟ್ಟೆ ಹಿಡಿದು ಕೂರಿಸಿದೆ. ಮಾವನ ತಂಗಿ ಗೋಡೆಗೆ ಒರಗಿ ಕಾಲು ಚಾಚಿದರು.

ಬಂಡಿದಾರಿ ಬಂತು. ಬುಟ್ಟಿಗಳು ಬಂದವು. ಮೂವರೇ ಹೆಂಗಸರು! ಎಡ ತುದಿಯಲ್ಲಿ ಅದೇ ಒಂಟಿ ಮೊಣಕೈ.

"ಎಲ್ಲಿ ಅದಾಳವಾ ನಿಮ್ಮತ್ತಿ?" ಎಂದರು ಮಾವನ ತಂಗಿ. "ಬುಟ್ಟಿ ಒಳಗ ಕುಂತಾಳೇನು?"

ಪಡಸಾಲೆಯೆಲ್ಲ ನಗು. ಡಿಸ್ಕ್ ಅದೇ, ನಾನೇ ಹಾಕಿದ್ದು, ಅತ್ತೆ ಎಲ್ಲಿ ಹೋದರು? ಪಕ್ಕದಲ್ಲಿ ಕೂತ ಅತ್ತೆ ತಲೆ ತಗ್ಗಿಸಿ, "ಬಿಡವಾ, ನಾ ಹೇಳಿದ್ದಿಲ್ಲೇನು, ಕನಸ ಇರಬೇಕು ಅಂತ" ಎಂದರು. ಆ ಮಾತು ಕೇಳಿ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು, ತಲೆ ನೆಟ್ಟಗೆ ಓಡಿತು. ಪರದೆ ನೋಡಿದೆ. ಮೇಲೆ ಕೆಳಗೆ ಒಂದು ಬೆರಳಿನಷ್ಟೂ ಕಪ್ಪಿಲ್ಲ. ಪಟ್ಟಿ ಎಲ್ಲಿ? ಮಾವ! ಕರಿ ಪಟ್ಟಿ ಬಾರದ ಹಾಗೆ ಟಿವಿಯಲ್ಲಿ ಚಿತ್ರವನ್ನೇ ಹಿಗ್ಗಿಸಿ ಇಟ್ಟಿದ್ದರು. ಹಿಗ್ಗಿದ ಚಿತ್ರದ ಎರಡೂ ಬದಿ ಪರದೆಯ ಆಚೆ ಹೋಗಿದ್ದವು. ಡಿಸ್ಕಿನವರು ಉಳಿಸಿಕೊಟ್ಟ ದಡಿಯನ್ನು ನಮ್ಮ ಮನೆಯವರೇ ಕತ್ತರಿಸಿದ್ದರು.

ಟಿವಿಯ ರಿಮೋಟ್ ಮಾವನ ತೊಡೆಯ ಮೇಲಿತ್ತು. ಕೇಳುವುದೇನು, ಕಿತ್ತುಕೊಂಡೆ. ಪ್ಲೇಯರಿನಲ್ಲಿ ದೃಶ್ಯವನ್ನು ಹಿಂದಕ್ಕೆ ಓಡಿಸಿ, ರಿಮೋಟಿನಲ್ಲಿ ಹಿಗ್ಗು ತೆಗೆಯುವ ಗುಂಡಿ ಒತ್ತಿದೆ. ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ ಬಂದು ಕೂತವು.

"ಏ, ಪಟ್ಟಿ ಬಂತಲ್ಲವಾ! ಟಿವಿ ಸುಡತೈತಿ, ತಗೀ ಅದನ್ನ!" ಎಂದು ಮಾವ ಕೂಗಿದರು.

"ಸುಟ್ರ ಸುಡ್ಲಿ ಬಿಡ್ರಿ ಮಾವಾರ!" ಎಂದೆ. ಮದುವೆಯಾಗಿ ಬಂದ ಮೇಲೆ ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು.

ಬಂಡಿದಾರಿ ಅಗಲವಾಯಿತು. ಐದು ಬುಟ್ಟಿ. ಎಡ ತುದಿಯಲ್ಲಿ ಹಸಿರು ಬಳೆಯ ಹುಡುಗಿ ಹಲ್ಲಿನ ಸೆರಗು ಬಿಟ್ಟು, ನೆಟ್ಟಗೆ ನಮ್ಮ ಪಡಸಾಲೆಯನ್ನು ನೋಡಿ ನಕ್ಕಳು. ಅಲ್ಲಿಯೇ ನಿಲ್ಲಿಸಿದೆ.

ಮಾವ ಕನ್ನಡಕ ಹುಡುಕಿ ಹಾಕಿಕೊಂಡು ಮುಂದೆ ಬಾಗಿದರು. "ಅಯ್ಯ, ಈಕಿ ನಮ್ಮಾಕೀನ!" ಎಂದರು. ಅತ್ತೆ ಎದ್ದು ಟಿವಿಯ ಹತ್ತಿರ ಹೋದರು. ಆ ಮುಖವನ್ನು ಎಡಗೈಯ ಬೆರಳಿನಿಂದ ಮುಟ್ಟಿದರು.

"ಇದ್ದೆನಲ್ಲಾ" ಎಂದರು. "ಖರೇನ ಇದ್ದೆನಲ್ಲಾ ನಾನು!"

ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಟಿವಿಯೊಳಗಿನ ನಗುವೂ ಅದೇ. ನಾನಂತೂ ಕುಣಿಯುವುದೊಂದು ಬಾಕಿ. ಮಾವನ ತಂಗಿ ಚಾಚಿದ ಕಾಲು ಮಡಚಿಕೊಂಡರು.

"ವೈನಿ, ಎಷ್ಟ ಚಂದ ಇದ್ದಿ" ಎಂದರು ಅತ್ತಿಗೆಗೆ, ಮೆಲ್ಲಗೆ.

ಅತ್ತೆ ಕಣ್ಣೊರೆಸಿಕೊಂಡು ಬಂದು, ಪಡಸಾಲೆಯ ನಡುವೆ, ಟಿವಿಯ ನೇರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ಆ ಸಿನಿಮಾ ಬಂದಾಗ ಅವರು ಅಲ್ಲಿ ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ನನ್ನ ಕಡೆ ತಿರುಗಿ, "ಮೊದಲಿಂದ ಹಚ್ಚವಾ" ಎಂದರು. "ಪಟ್ಟಿ ಹಂಗ ಇರ್ಲಿ. ಯಾರೂ ಮುಟ್ಟಬ್ಯಾಡ್ರಿ." ಆಮೇಲೆ ನಾದಿನಿಯ ಕಡೆ ನೋಡಿದರು.

"ನೀ ಹೋಗಿ ಎಲ್ಲಾರ್ಗೂ ಚಾ ಮಾಡ್ಕೊಂಡ ಬಾ. ಸಿನಿಮಾದಾಕಿ ಸಿನಿಮಾ ನೋಡಾಕತ್ತಾಳ."

ಹಿರೇಕೆರೂರಿನವರು ಎದ್ದು ಅಡುಗೆಮನೆಗೆ ಹೋದರು. ಚಹಾಕ್ಕೆ ಸಕ್ಕರೆ ಜಾಸ್ತಿಯೇ ಹಾಕಿದ್ದರು.